ಉಪ್ಪಿನ ನಗರದ ಹಸಿರು ನಿಲುವಂಗಿ

ಮಾನ್ಯರೇ, ಮಹನೀಯರೇ, ಮೂವತ್ತೆರಡು ಮೆಟ್ಟಿಲು ಹತ್ತಿ ಬಂದು ಇನ್ನೂ ಏದುಸಿರು ಬಿಡುತ್ತಿರುವ ಹಿರಿಯ ಸದಸ್ಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಆಡ್ರಿಯವರೇ, ಹೋಲ್ರಾಯ್ಡ್ ಕುಟುಂಬದ ಬಂಧುಗಳೇ —

ಮೊದಲಿಗೆ ಒಂದು ಘೋಷಣೆ. ಇದನ್ನು ಇಡೀ ಕೀತ್ಲಿ ಪಟ್ಟಣ, ಸಾಧ್ಯವಾದರೆ ಇಡೀ ಯಾರ್ಕ್‌ಶೈರ್, ಕೆಲಸ ನಿಲ್ಲಿಸಿ ಕೇಳಬೇಕು. ಇಪ್ಪತ್ತೈದು ವರ್ಷಗಳಿಂದ ನಮ್ಮ ಸಂಘವನ್ನು ಎರಡು ಹೋಳು ಮಾಡಿದ್ದ, ಸ್ನೇಹಿತರನ್ನು ಬೇರೆ ಬೇರೆ ಮೇಜಿನಲ್ಲಿ ಕೂರುವಂತೆ ಮಾಡಿದ್ದ, ಒಮ್ಮೆ ಈ ಕೋಣೆಯಲ್ಲೇ ಒಂದು ಸಾಸಿವೆ ಬಾಟಲಿಯ ಪ್ರಾಣ ತೆಗೆದಿದ್ದ ಪ್ರಶ್ನೆ ಇಂದು ಮಧ್ಯಾಹ್ನ ಎರಡೂಕಾಲು ಗಂಟೆಗೆ ಬಗೆಹರಿದಿದೆ. ‘ಒಂಬತ್ತನೇ ದೀಪಸ್ತಂಭ’ ಧಾರಾವಾಹಿಯ ನಾಲ್ಕನೇ ಕಂತಿನಲ್ಲಿ ಬರುವ ಯಂತ್ರಮಾನವನ ಎದೆಯ ಮೇಲಿದ್ದ ಬಲ್ಬುಗಳು — ಹನ್ನೊಂದು. ಹನ್ನೆರಡಲ್ಲ. ನೆವಿಲ್ ಪಿಕಲ್ಸ್ ಅವರು ಭೂತಗನ್ನಡಿ ಹಿಡಿದು ಮೂರು ಗಂಟೆ ಫೋಟೋ ಪರೀಕ್ಷಿಸಿದ್ದಾರೆ. ಹನ್ನೆರಡನೆಯ ಬಲ್ಬು ಎಂದು ಕೆಲವರು ತಿಳಿದಿದ್ದದ್ದು, ತಗಡಿನ ಡಬ್ಬಿಯೊಳಗೆ ನಿಂತು ಉಸಿರುಕಟ್ಟಿ ಹೊರಗೆ ಇಣುಕುತ್ತಿದ್ದ ಬಡಪಾಯಿ ನಟನ ಕನ್ನಡಕ.

ಡೆರಿಕ್ ಹೋಲ್ರಾಯ್ಡ್ ಮೊದಲ ದಿನದಿಂದಲೂ ಹನ್ನೊಂದು ಎನ್ನುತ್ತಿದ್ದ. ಹನ್ನೆರಡು ಎಂದವನು ನಾನು.

ಗೆದ್ದವನು ಇದನ್ನು ಕೇಳಿಸಿಕೊಳ್ಳಲು ಇಲ್ಲ. ಸೋತವನು ಮೈಕು ಹಿಡಿದು ನಿಂತಿದ್ದಾನೆ. ಇದಕ್ಕಿಂತ ಬೇಜಾರಿನ ಸಭೆಯನ್ನು ನಾನು ನಡೆಸಿಲ್ಲ, ನೋಡಿ.

ಕುಟುಂಬದವರಲ್ಲಿ ಕೆಲವರು ನಮ್ಮನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದಾರೆ. ‘ಇವರೆಲ್ಲ ಯಾರು, ವಯಸ್ಸಾದವರು, ಕೋಟಿನ ಮೇಲೆ ದೀಪದ ಬಿಲ್ಲೆ ಯಾಕೆ ಸಿಕ್ಕಿಸಿಕೊಂಡಿದ್ದಾರೆ’ ಎಂದು ನೋಡುತ್ತಿದ್ದಾರೆ. ಅವರಿಗಾಗಿ ಎರಡು ಮಾತು. ಸಾವಿರದ ಒಂಬೈನೂರ ಅರುವತ್ತೊಂದರಲ್ಲಿ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಶನಿವಾರ ಸಂಜೆ, ಕಪ್ಪು ಬಿಳುಪು, ಇಪ್ಪತ್ತಾರು ಕಂತು. ಬಾಹ್ಯಾಕಾಶದಲ್ಲಿ ಒಂದು ದೀಪಸ್ತಂಭ, ಅದಕ್ಕೊಬ್ಬ ಕ್ಯಾಪ್ಟನ್. ನಾವೆಲ್ಲ ಆಗ ಚಡ್ಡಿ ಹಾಕುವ ವಯಸ್ಸಿನವರು. ಆಮೇಲೆ ಟಿವಿಯವರು ಏನು ಮಾಡಿದರು? ಟೇಪು ದುಬಾರಿ, ಕ್ಯಾಪ್ಟನ್ ಅಗ್ಗ — ಅಂತ ಹದಿನೇಳು ಕಂತುಗಳನ್ನು ಅಳಿಸಿ, ಅದೇ ಟೇಪಿನ ಮೇಲೆ ತೋಟಗಾರಿಕೆ ಕಾರ್ಯಕ್ರಮ ತುಂಬಿಸಿದರು. ನಮ್ಮ ಬಾಲ್ಯದ ಮೇಲೆ ಕೋಸುಗಡ್ಡೆ ಬೆಳೆದರು.

ಉಳಿದದ್ದು ನೆನಪು. ಅದನ್ನು ಬರೆದಿಡಲೆಂದೇ ನಮ್ಮ ‘ದೀಪ’ ಪತ್ರಿಕೆ ಶುರುವಾಯಿತು. ಸೈಕ್ಲೋಸ್ಟೈಲ್ ಯಂತ್ರದಲ್ಲಿ, ನನ್ನ ಹೆಂಡತಿಯ ಅಡುಗೆಮನೆಯಲ್ಲಿ, ಅವಳ ಶಾಪಗಳ ನಡುವೆ. ಸಂಪಾದಕ ನಾನು, ವಿಮರ್ಶಕ ಡೆರಿಕ್. ನಮ್ಮ ಮೊದಲ ನಿಯಮ ಒಂದೇ: ಕಂತನ್ನು ಕಣ್ಣಾರೆ ಕಂಡವನೇ ವಿಮರ್ಶೆ ಬರೆಯಬೇಕು. ಅಳಿಸಿಹೋದ ಕಂತಿಗೆ ಬೇರೆ ಸಾಕ್ಷಿ ಇಲ್ಲವಲ್ಲ. ವಿಮರ್ಶೆಯೇ ಕಂತು. ವಿಮರ್ಶಕ ಸುಳ್ಳು ಹೇಳಿದರೆ ಕಂತೇ ಸುಳ್ಳು.

ಮತ್ತು ಡೆರಿಕ್ — ನಿಮಗೆ ಗೊತ್ತು — ಸುಳ್ಳು ಹೇಳುವ ಜಾತಿಯವನಲ್ಲ. ನಾವಿಬ್ಬರೂ ಬಸ್ ಡಿಪೋದವರು. ನಾನು ಆಫೀಸಿನಲ್ಲಿ ಗುಮಾಸ್ತ, ಅವನು ಟಿಕೆಟ್ ಇನ್ಸ್‌ಪೆಕ್ಟರ್. ಒಂದು ದಿನ ಬಿಂಗ್ಲಿಯಿಂದ ಬರುವ ಬಸ್ಸು. ಕೆಳಗಿನ ಅಂತಸ್ತಿನಲ್ಲಿ ಎರಡು ಚೀಲ ಆಲೂಗಡ್ಡೆ ಇಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದಾರೆ. ಡೆರಿಕ್ ಬಂದ, ಟಿಕೆಟ್ ನೋಡಿದ, ಟೋಪಿ ಸರಿಮಾಡಿಕೊಂಡ. ‘ಮೇಡಂ, ನಿಮ್ಮ ಟಿಕೆಟ್ಟು ಹಿಂದಿನ ಸ್ಟಾಪಿಗೇ ಮುಗೀತು.’ ಅವರಂದರು, ‘ಡೆರಿಕ್, ನಾನು ನಿನ್ನ ಅಕ್ಕ ಕಣೋ!’ ‘ಹೌದು ಮೇಡಂ. ಇಳೀರಿ.’ ಅವರನ್ನು ಇಳಿಸಿದ. ಆಮೇಲೆ ತಾನೂ ಇಳಿದು, ಎರಡೂ ಚೀಲ ಹೊತ್ತುಕೊಂಡು ಮನೆಯವರೆಗೆ ಅವರ ಹಿಂದೆ ನಡೆದ.

ಆಡ್ರಿಯವರೇ, ಆ ಅಕ್ಕ ನೀವೇ, ತಲೆ ಅಲ್ಲಾಡಿಸಬೇಡಿ. ಡಿಪೋದಲ್ಲಿ ಇದಕ್ಕೆ ದಾಖಲೆಯಿದೆ.

ಇನ್ನು ‘ದೀಪ’ದ ಹದಿನಾಲ್ಕನೇ ಸಂಚಿಕೆ. ಎಂಬತ್ತೊಂದನೇ ಇಸವಿ. ಹದಿನೇಳನೇ ಕಂತು ‘ಉಪ್ಪಿನ ನಗರ’ದ ಬಗ್ಗೆ ಡೆರಿಕ್ ಬರೆದ ವಿಮರ್ಶೆ. ಈ ಕೋಣೆಯಲ್ಲಿ ಅದರ ಕೊನೆಯ ಪ್ಯಾರಾ ಬಾಯಿಪಾಠ ಇಲ್ಲದವರು ಯಾರಿದ್ದೀರಿ? — ಯಾರೂ ಇಲ್ಲ. ಜನರೆಲ್ಲ ಉಪ್ಪಿನ ಬೊಂಬೆಗಳಾಗಿ ನಿಂತ ಆ ಊರಿನಲ್ಲಿ ಕ್ಯಾಪ್ಟನ್ ಒಂದು ಮಗುವನ್ನು ಬಿಟ್ಟು ಹೋಗಬೇಕಾದ ದೃಶ್ಯ. ನಾನು ಹೇಳುತ್ತೇನೆ, ತಪ್ಪಿದರೆ ತಿದ್ದಿ:

‘ಕೊನೆಯ ದೃಶ್ಯದಲ್ಲಿ ಸದ್ದೇ ಇಲ್ಲ. ಗಾಜಿನ ಆಚೆ ಕ್ಯಾಪ್ಟನ್ ನಿಂತಿದ್ದಾನೆ, ಹಸಿರು ನಿಲುವಂಗಿ ತೊಟ್ಟು. ತುಟಿ ಅಲ್ಲಾಡುತ್ತದೆ, ಮಾತು ಕೇಳುವುದಿಲ್ಲ. ಮೂರು ಬೆರಳು ಎತ್ತಿ ತೋರಿಸುತ್ತಾನೆ. ಆಮೇಲೆ ಹಿಂದೆ ಹಿಂದೆ ನಡೆಯುತ್ತ ದೂರ ಹೋಗುತ್ತಾನೆ. ಒಮ್ಮೆ ಎಡವುತ್ತಾನೆ. ಆದರೂ ಬೆನ್ನು ತಿರುಗಿಸುವುದಿಲ್ಲ. ಟಿವಿಯಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ.’

ಇಷ್ಟೇ. ಈ ಏಳೆಂಟು ವಾಕ್ಯದ ಮೇಲೆ ನಾವು ಇಪ್ಪತ್ತು ವರ್ಷ ಜಗಳವಾಡಿದೆವು. ಮೂರು ಬೆರಳು ಎಂದರೇನು? ನೆವಿಲ್ ಹೇಳಿದರು, ಮೂರು ಚಂದ್ರ. ಲೀಡ್ಸ್ ಶಾಖೆಯವರು ಹೇಳಿದರು, ಮೂರು ಶತಮಾನ. ಶೆಫೀಲ್ಡಿನ ಒಬ್ಬ ಮೇಷ್ಟ್ರು ಹದಿಮೂರು ಪುಟದ ಪ್ರಬಂಧ ಕಳಿಸಿದರು. ಜನನ, ಮರಣ ಮತ್ತು ಅವೆರಡರ ನಡುವಿನ ಅನಿಶ್ಚಿತತೆ ಎಂದು. ಅದನ್ನು ಅಚ್ಚು ಹಾಕಿದ ತಪ್ಪು ನನ್ನದೇ. ಇನ್ನು ಆ ನಿಲುವಂಗಿ! ಕಪ್ಪು ಬಿಳುಪು ಧಾರಾವಾಹಿಯಲ್ಲಿ ಹಸಿರು ಬಣ್ಣ! ಪ್ರತಿ ವರ್ಷದ ಊಟದಲ್ಲೂ ನೆವಿಲ್ ಕಾಲೆಳೆಯುತ್ತಿದ್ದರು:

‘ಏನೋ ಡೆರಿಕ್, ಅರುವತ್ತೊಂದರಲ್ಲೇ ನಿಮ್ಮನೇಲಿ ಕಲರ್ ಟಿವಿ ಇತ್ತಾ? ನಿಮ್ಮಪ್ಪ ಉಣ್ಣೆ ಮಿಲ್ಲಲ್ಲಿ ಕೆಲಸ ಮಾಡ್ತಿದ್ರೋ, ಅರಮನೇಲೋ?’

‘ಹಸಿರೇ ಕಣೋ.’

‘ಎಂಥ ಹಸಿರು? ಬಟಾಣಿ ಹಸಿರಾ, ಬಸ್ಸಿನ ಹಸಿರಾ?’

‘ಬಾಟ್ಲಿ ಹಸಿರು,’ ಎನ್ನುತ್ತಿದ್ದ ಡೆರಿಕ್. ಸಿಟ್ಟಿಲ್ಲ, ನಗುವೂ ಇಲ್ಲ. ಟಿಕೆಟ್ಟಿನ ನಂಬರು ಓದಿ ಹೇಳುವ ಹಾಗೆ.

ಎರಡು ವರ್ಷದ ಹಿಂದೆ, ನಿಮಗೆಲ್ಲ ಗೊತ್ತಿರುವಂತೆ, ಪವಾಡ ನಡೆಯಿತು. ಆಸ್ಟ್ರೇಲಿಯದ ಯಾರದೋ ಗ್ಯಾರೇಜಿನಲ್ಲಿ, ಪೇಂಟು ಡಬ್ಬಿಗಳ ಹಿಂದೆ, ‘ಉಪ್ಪಿನ ನಗರ’ದ ಫಿಲಂ ಸುರುಳಿ ಸಿಕ್ಕಿತು. ಅದರ ಪ್ರತಿಯನ್ನು ಇದೇ ಕೋಣೆಯಲ್ಲಿ ಹಾಕಿದೆವು. ನಲವತ್ತು ಜನ. ಡೆರಿಕ್ ಟೈ ಕಟ್ಟಿಕೊಂಡು ಬಂದಿದ್ದ. ಸಂತೆಬೀದಿಯ ಅಂಗಡಿಯಿಂದ ಒಂದು ದೊಡ್ಡ ಪೋರ್ಕ್ ಪೈ ತಂದು, ‘ಮುಗಿದ ಮೇಲೆ ಎಲ್ರೂ ಸೇರಿ ತಿನ್ನೋಣ’ ಎಂದು ಕಿಟಕಿಯ ಮೇಲಿಟ್ಟ. ಆ ಕಂತಿನ ಬಗ್ಗೆ ಬರೆದು ಇಪ್ಪತ್ತು ವರ್ಷ ಅದನ್ನು ಉಳಿಸಿದವನು ಅವನು. ಮದುವೆ ಗಂಡಿನ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸಿದೆವು.

ಕೊನೆಯ ದೃಶ್ಯ ಬಂತು. ಕ್ಯಾಪ್ಟನ್ ಬಂದ. ಮೈಮೇಲೆ ಮೊಣಕಾಲಿನವರೆಗೆ ಬರುವ ನಿಲುವಂಗಿ ಇರಲಿಲ್ಲ, ಸೊಂಟದವರೆಗಿನ ಜಾಕೆಟ್ಟು. ಗಾಜಿಲ್ಲ. ಬೆರಳಿಲ್ಲ. ಮಾತೋ — ದೇವರೇ, ಆ ಮಾತು! ಭ್ರಾತೃತ್ವದ ಬಗ್ಗೆ ನಾಲ್ಕು ನಿಮಿಷ ಭಾಷಣ. ಹಿಂದೆ ಆರ್ಗನ್ನಿನ ಬೊಬ್ಬೆ. ಮಾತು ಮುಗಿಸಿ ಅವನು ಗಕ್ಕನೆ ಬೆನ್ನು ತಿರುಗಿಸಿ ಹೋಗಿಯೇಬಿಟ್ಟ. ರಟ್ಟಿನ ಬಾಗಿಲು ಅಲುಗಾಡಿತು.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ — ಎಲ್ಲರೂ. ದೀಪ ಹಾಕಿದರು. ನಾನು ಎದ್ದು ನಿಂತೆ. ಇಲ್ಲೇ, ಈ ಜಾಗದಲ್ಲೇ ನಿಂತೆ.

‘ಡೆರಿಕ್, ನೀನು ಈ ಕಂತು ನೋಡಿದ್ಯೋ ಇಲ್ವೋ?’

‘ನೋಡಿದ್ದೆ.’

‘ಇದನ್ನಾ?’

ಅವನು ಖಾಲಿ ಪರದೆಯ ಕಡೆ ನೋಡಿದ. ನೋಡಿದ... ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ — ‘ನಾನು ನೋಡಿದ್ದೆ, ಸಿರಿಲ್.’

ನೆವಿಲ್ ಹಿಂದಿನಿಂದ ಕೂಗಿದರು, ‘ಎಲ್ಲಿ, ಟಿಕೆಟ್ ತೋರ್ಸಿ ಇನ್ಸ್‌ಪೆಕ್ಟ್ರೇ!’

ಎಲ್ಲರೂ ನಕ್ಕರು. ನೆವಿಲ್, ತಲೆ ತಗ್ಗಿಸಬೇಡ. ಮಾತು ನಿನ್ನದು, ಆದರೆ ಮೊದಲು ನಕ್ಕವನು ನಾನು. ಡೆರಿಕ್ ಕೋಟು ಹಾಕಿಕೊಂಡ, ಗುಂಡಿ ಒಂದೊಂದಾಗಿ ಹಾಕಿಕೊಂಡ, ಮೆಟ್ಟಿಲು ಇಳಿದು ಹೋದ. ಪೈ ಕಿಟಕಿಯ ಮೇಲೇ ಇತ್ತು. ಅದನ್ನು — ಹೇಳಿಬಿಡುತ್ತೇನೆ — ನಾವು ತಿಂದೆವು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬರೀ ಒರಟ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ನಾನು ಸಂಪಾದಕ. ಪತ್ರಿಕೆಯಲ್ಲಿ ತಪ್ಪು ಬಂದರೆ ತಿದ್ದುಪಡಿ ಚೀಟಿ ಅಚ್ಚು ಹಾಕಿ, ಅಂಚೆಯಲ್ಲಿ ಕಳಿಸಿ, ಸದಸ್ಯರು ಅದನ್ನು ಹಳೆಯ ಸಂಚಿಕೆಯ ಆ ಪುಟದ ಮೇಲೆ ಅಂಟಿಸಿಕೊಳ್ಳುವುದು ನಮ್ಮ ಪದ್ಧತಿ. ಸಾಮಾನ್ಯವಾಗಿ ಬೆರಳಗಲದ ಚೀಟಿ. ನಾನು ಈ ಸಲ ಇಡೀ ಪುಟದಷ್ಟು ದೊಡ್ಡದು ಮಾಡಿಸಿದೆ. ‘ಈ ವಿಮರ್ಶೆಯನ್ನು ಹಿಂದಕ್ಕೆ ಪಡೆಯಲಾಗಿದೆ. ವಿಮರ್ಶಕರು ಕಂತನ್ನು ನೋಡಿರಲಿಲ್ಲ.’ ವಾಲ್‌ಪೇಪರ್ ಅಂಟಿಸುವ ಗೋಂದೇ ಬಳಸಿ ಎಂದೂ ಸೂಚನೆ ಕೊಟ್ಟೆ. ಏಕೆಂದರೆ ನಾನು ದಕ್ಷ.

ಆಮೇಲೆ ಡೆರಿಕ್ ಒಂದು ಸಾಲೂ ಬರೆಯಲಿಲ್ಲ. ದಿನಾ ಬೆಳಿಗ್ಗೆ ಡಿಪೋದಲ್ಲಿ ಎದುರಾಗುತ್ತಿದ್ದೆವು. ‘ಮಳೆ ಬರೋ ಹಾಗಿದೆ.’ ‘ಹೌದು, ಬರೋ ಹಾಗಿದೆ.’ ಎರಡು ವರ್ಷ ಇಷ್ಟೇ ಮಾತು. ಹೋದ ತಿಂಗಳು ಮೂರನೇ ತಾರೀಕು ಡಿಪೋದ ಮೆಟ್ಟಿಲ ಮೇಲೆ ಕುಳಿತವನು ಏಳಲಿಲ್ಲ. ಐವತ್ತೊಂದು ವರ್ಷ. ಅವತ್ತು ಬೆಳಿಗ್ಗೆಯೂ ನಾವು ಮಳೆಯ ಬಗ್ಗೆಯೇ ಮಾತಾಡಿದ್ದೆವು.

ಈಗ ನಾನು ಹೇಳಲು ಬಂದದ್ದನ್ನು ಹೇಳುತ್ತೇನೆ. ಆಡ್ರಿಯವರ ಅಪ್ಪಣೆ ಕೇಳಿದ್ದೇನೆ. ಅವರು ‘ಹೇಳು, ಆದ್ರೆ ಅಳಬೇಡ, ನೋಡೋಕೆ ಚೆನ್ನಾಗಿರಲ್ಲ’ ಎಂದಿದ್ದಾರೆ.

ಮಣ್ಣು ಮಾಡಿದ ಮಾರನೆಯ ವಾರ ಸಂಘದ ಸಾಮಾನು ತರಲು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಡೆರಿಕ್‌ನ ಪೆಟ್ಟಿಗೆ. ‘ದೀಪ’ದ ಎಲ್ಲ ಸಂಚಿಕೆ, ನಂಬರಿನ ಪ್ರಕಾರ. ಹದಿನಾಲ್ಕನೆಯದನ್ನು ತೆಗೆದೆ. ಮೂರನೇ ಪುಟ. ನನ್ನ ಚೀಟಿ — ನಾಲ್ಕೂ ಮೂಲೆ ಕೂಡಿಸಿ, ಒಂದು ಸುಕ್ಕಿಲ್ಲದೆ, ವಾಲ್‌ಪೇಪರ್ ಗೋಂದಿನಲ್ಲಿ. ತನ್ನ ಬರವಣಿಗೆಯ ಮೇಲೆ ತಾನೇ ಅಂಟಿಸಿದ್ದ. ನಿಯಮ ನಿಯಮವೇ.

ಆಡ್ರಿ ಟೀ ಸುರಿಯುತ್ತಿದ್ದವರು ಬಗ್ಗಿ ನೋಡಿದರು. ‘ಇದ್ರ ಕೆಳಗೆ ಏನಿತ್ತು?’

ಅವರು ನಮ್ಮ ಪತ್ರಿಕೆಯನ್ನು ಒಂದು ದಿನವೂ ಓದಿದವರಲ್ಲ. ನಾನು ಕೊನೆಯ ಪ್ಯಾರಾ ಹೇಳಿದೆ, ಈಗ ನಿಮಗೆ ಹೇಳಿದ ಹಾಗೆ. ಕೆಟಲ್ ಹಿಡಿದ ಕೈ ಅಲ್ಲೇ ನಿಂತಿತು.

‘ಹಸಿರು ಅಂದ್ಯಾ?’

‘ಹೌದು. ಅದೇ ತಮಾಷೆ. ಕಪ್ಪು ಬಿಳುಪಿನಲ್ಲಿ...’

‘ಬಾಟ್ಲಿ ಹಸಿರಾ?’

‘ನಿಮಗೆ ಹೇಗೆ ಗೊತ್ತು?’

‘ಹೇಗೆ ಗೊತ್ತು ಅಂದ್ರೆ? ಅದು ನಮ್ಮಮ್ಮನ ಕಿಟಕಿ ಪರದೆ ಕಣೋ, ಪೆದ್ದ! ಅದನ್ನ ಹೊದ್ಕೊಂಡಿದ್ದು ನಾನು!’

ಕೆಟಲ್ ಕೆಳಗಿಟ್ಟು ಕುಳಿತರು. ಕುಳಿತು ಹೇಳಿದರು. ಡೆರಿಕ್‌ಗೆ ಆಗ ಒಂಬತ್ತು ವರ್ಷ, ಇವರಿಗೆ ಹದಿಮೂರು. ಅವನಿಗೆ ಸ್ಕಾರ್ಲೆಟ್ ಜ್ವರ ಎಂಬ ಅಂಟುರೋಗ ಬಂದು ಗುಡ್ಡದ ಮೇಲಿನ ಜ್ವರದಾಸ್ಪತ್ರೆಗೆ ಹಾಕಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಭಾನುವಾರ ಎರಡರಿಂದ ಮೂರರವರೆಗೆ ಹೊರಗಿನ ಹೂವಿನ ಪಾತಿಯಲ್ಲಿ ನಿಂತು ಕಿಟಕಿಯ ಗಾಜಿನಲ್ಲಿ ಮುಖ ನೋಡಬಹುದು, ಅಷ್ಟೇ. ಮೊದಲ ಭಾನುವಾರ ಅಮ್ಮ ಹೋಗಿದ್ದರು. ಹೊತ್ತು ಮುಗಿದು ಅವರು ಬೆನ್ನು ತಿರುಗಿಸಿದ್ದೇ ತಡ, ಈ ಹುಡುಗ ಅತ್ತು ಅತ್ತು ತಿಂದದ್ದೆಲ್ಲ ಕಾರಿಕೊಂಡಿದ್ದ. ಅಮ್ಮನಿಗೆ ಮತ್ತೆ ಹೋಗುವ ಧೈರ್ಯವಾಗಲಿಲ್ಲ. ‘ಆಡ್ರಿ, ನೀನು ಹೋಗಮ್ಮ’ ಎಂದರು.

‘ಅವ್ನಿಗೆ ಬೇರೇನೂ ಬೇಡ. ಶನಿವಾರದ ಕಂತು ತಪ್ಪೋಯ್ತಲ್ಲಾ ಅನ್ನೋದೇ ಸಂಕಟ. ನಂಗೋ ಆ ಧಾರಾವಾಹಿ ಅಂದ್ರೆ ಅಷ್ಟಕ್ಕಷ್ಟೇ. ಆದ್ರೂ ಕೂತು ನೋಡ್ದೆ. ಮಾರ್ನೇ ದಿನ ಪರದೆ ಬಿಚ್ಕೊಂಡು ಹೋದೆ. ಮಾಲಿದೊಂದು ಬಕೆಟ್ ಬೋರಲು ಹಾಕಿ ಅದ್ರ ಮೇಲೆ ಹತ್ತಿ ನಿಂತು ಪೂರ್ತಿ ಕಂತು ಮಾಡಿ ತೋರಿಸ್ದೆ.’

‘ಮಾತಿಲ್ಲದೆ?’

‘ಗಾಜು ದಪ್ಪ ಇತ್ತು. ಕಿರುಚಿದ್ರೆ ನರ್ಸು ಓಡಿಸ್ತಿದ್ಳು. ಸುಮ್ನೆ ಬಾಯಿ ಆಡಿಸ್ದೆ. ಕ್ಯಾಪ್ಟನ್ನೂ ನಾನೇ, ಉಪ್ಪಾದ ಜನಾನೂ ನಾನೇ, ಗಾಳಿನೂ ನಾನೇ.’

ನಾನು ಕೇಳಿದೆ — ನೆವಿಲ್, ಲೀಡ್ಸಿನವರೇ, ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡು ಕೂರಿ — ‘ಆ ಮೂರು ಬೆರಳು?’

‘ಇನ್ನು ಮೂರು ಭಾನುವಾರ, ಆಮೇಲೆ ಮನೆಗೆ ಅಂತ. ಡಾಕ್ಟ್ರು ಹಂಗಂದಿದ್ರು. ಮೂರಲ್ಲ, ಇನ್ನೂ ಏಳು ಭಾನುವಾರ ಆಯ್ತು. ಏಳೂ ಹೋದೆ.’

‘ಹಿಂದೆ ಹಿಂದೆ ನಡೆದದ್ದು?’

‘ಬೆನ್ನು ತಿರುಗ್ಸಿದ್ರೆ ಅಳ್ತಾನಲ್ಲ! ಗೇಟಿನ ತನಕ ಹಂಗೇ ಹೋದೆ. ಮಾಲಿ ಗಾಡಿ ತಗಲಿ ಬೀಳೋದ್ರಲ್ಲಿದ್ದೆ. ಅವ್ನು ಅವತ್ತು ಅಳ್ಲಿಲ್ಲ, ಸಿರಿಲ್. ಮೂಗು ಗಾಜಿಗೆ ಒತ್ಕೊಂಡು ನೋಡ್ತಾನೇ ಇದ್ದ.’

ಆಮೇಲೆ ಆಡ್ರಿಗೆ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಸಂಜೆ ಡೆರಿಕ್ ಟೈ ಕಟ್ಟಿಕೊಂಡೇ ಬಂದಿದ್ದನಂತೆ. ನಮ್ಮ ಕೋಣೆಯಿಂದ ಇಳಿದು ನೇರ ಅಲ್ಲಿಗೆ. ಟೀ ಕುಡಿದನಂತೆ. ‘ಅಮ್ಮನ ಹಸಿರು ಪರದೆ ಏನಾಯ್ತು, ಆಡ್ರಿ?’ ಎಂದು ಕೇಳಿದನಂತೆ. ಹಳೇ ಬಟ್ಟೆಯವನಿಗೆ ಕೊಟ್ಟು ಎಷ್ಟೋ ಕಾಲವಾಯಿತು ಎಂದು ಇವರು ಹೇಳಿದ್ದಕ್ಕೆ, ‘ಚೆನ್ನಾಗಿತ್ತು’ ಎಂದನಂತೆ. ಅಷ್ಟೇ. ಎದ್ದು ಹೋದನಂತೆ.

ಅಂದರೆ ಜ್ವರದಲ್ಲಿ ನೋಡಿದ್ದನ್ನು ನಲವತ್ತು ವರ್ಷ ಟಿವಿಯಲ್ಲೇ ನೋಡಿದೆ ಎಂದು ತಿಳಿದಿದ್ದ. ಆ ಸಂಜೆ, ಆ ಖಾಲಿ ಪರದೆಯನ್ನು ದಿಟ್ಟಿಸಿ ನಿಂತಾಗ, ಅವನಿಗೆ ಗೊತ್ತಾಗಿದೆ. ನಲವತ್ತು ಜನ ನಗುತ್ತಿರುವಾಗ, ಮುಂದೆ ನಾನು ನಿಂತು ಗದರುತ್ತಿರುವಾಗ, ‘ಅದು ನನ್ನ ಅಕ್ಕ’ ಎಂದು ಹೇಳಬಹುದಿತ್ತು. ಹೇಳಿದ್ದರೆ ನಾವು ಏನು ಮಾಡುತ್ತಿದ್ದೆವು? ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಾನು ಕೇಳಿಕೊಂಡಿದ್ದೇನೆ. ಆ ಅಕ್ಕನ ಹಸಿರು ಪರದೆಯ ಮೇಲೂ ನಕ್ಕಿರುತ್ತಿದ್ದೆವು. ಅದಕ್ಕೇ ಅವನು ತನ್ನ ಹೆಸರನ್ನು ಬಿಟ್ಟುಕೊಟ್ಟ, ಅವಳನ್ನು ಬಿಟ್ಟುಕೊಡಲಿಲ್ಲ.

ನಾನು ಎರಡು ಸಲ ಕೇಳಿದೆ. ಅವನು ಎರಡು ಸಲ ನಿಜ ಹೇಳಿದ. ಕಣ್ಣಾರೆ ಕಂಡವನೇ ಬರೆಯಬೇಕು ಎಂಬ ನಿಯಮ ಅವನು ಮುರಿದಿರಲಿಲ್ಲ. ಡೆರಿಕ್, ತಪ್ಪಾಯಿತು ಕಣೋ. ಮಳೆಯ ಬಗ್ಗೆ ಮಾತಾಡಿದ ಆ ಎರಡು ವರ್ಷದಲ್ಲಿ ಯಾವುದಾದರೂ ಒಂದು ಬೆಳಿಗ್ಗೆ ಹೇಳಬೇಕಾಗಿದ್ದ ಮಾತಿದು. ಈಗ ನಲವತ್ತು ಜನರ ಮುಂದೆ ಹೇಳುತ್ತಿದ್ದೇನೆ. ಅವತ್ತು ಎಷ್ಟು ಜನರಿದ್ದರೋ ಅಷ್ಟೇ ಜನರ ಮುಂದೆ.

ನಮ್ಮ ಹೊಸ ಕಂತುಸೂಚಿ ಪುಸ್ತಕ ಬರುವ ವಾರ ಅಚ್ಚಿಗೆ ಹೋಗುತ್ತದೆ. ಸಮಿತಿ ನಿನ್ನೆ ತೀರ್ಮಾನಿಸಿದೆ. ಒಂದೂ ಜಗಳವಿಲ್ಲದೆ, ಸಂಘದ ಚರಿತ್ರೆಯಲ್ಲೇ ಮೊದಲ ಬಾರಿಗೆ. ಹದಿನೇಳನೇ ಕಂತಿಗೆ ಎರಡು ವಿಮರ್ಶೆ ಇರುತ್ತವೆ. ಒಂದು, ಗ್ಯಾರೇಜಿನಲ್ಲಿ ಸಿಕ್ಕಿದ ಕಂತಿನದು. ಅದಕ್ಕೆ ಅರ್ಧ ಪುಟ ಸಾಕು. ಇನ್ನೊಂದು, ಹದಿನಾಲ್ಕನೇ ಸಂಚಿಕೆಯಲ್ಲಿ ಡೆರಿಕ್ ಬರೆದದ್ದು, ಒಂದಕ್ಷರ ಬದಲಿಸದೆ. ಮೇಲೆ ತಾರಾಗಣದ ಸಾಲು ಮಾತ್ರ ನಾವು ಸೇರಿಸುತ್ತೇವೆ. ಕ್ಯಾಪ್ಟನ್, ಉಪ್ಪಾದ ಜನ ಮತ್ತು ಗಾಳಿ: ಆಡ್ರಿ ಹೋಲ್ರಾಯ್ಡ್, ವಯಸ್ಸು ಹದಿಮೂರು.

ಆದರೆ ಒಂದು ತೊಂದರೆಯಿದೆ. ನಮಗೆಲ್ಲ ಬಾಯಿಗೆ ಬರುವುದು ಕೊನೆಯ ಪ್ಯಾರಾ ಮಾತ್ರ. ಅದರ ಮೇಲೆ ಎರಡು ಕಾಲಂ ಇತ್ತು. ಉಪ್ಪಾದ ಜನ ಹೇಗೆ ನಿಂತಿದ್ದರು, ಗಾಳಿ ಹೇಗೆ ಬೀಸಿತು, ಎಲ್ಲ. ಆಡ್ರಿಗೆ ಈಗ ಅದು ನೆನಪಿಲ್ಲ. ‘ನಾನು ಅವತ್ತು ಏನೇನು ಮಾಡ್ದೆ ಅಂತ ಅವ್ನು ಬರ್ದಿದ್ದಾನಲ್ಲ, ಒಂದ್ಸಲ ಓದ್ಬೇಕು ಕಣೋ’ ಎಂದರು. ಅವರು ಕೇಳಿರುವುದು ಇಷ್ಟೇ. ಕೆಟಲ್ಲಿನ ಹಬೆ ಹಿಡಿದು ಡೆರಿಕ್‌ನ ಪ್ರತಿಯ ಚೀಟಿ ಎಬ್ಬಿಸಲು ನೋಡಿದೆವು. ಚೀಟಿಯ ಜೊತೆಗೆ ಅಕ್ಷರವೂ ಕಿತ್ತು ಬಂತು. ನನ್ನ ಪ್ರತಿಯದೂ, ನೆವಿಲ್ ಅಂಟಿಸಿದ ಸಂಘದ ಪ್ರತಿಯದೂ ಅದೇ ಗತಿ. ನೆವಿಲ್ ಜೀವನದಲ್ಲಿ ಒಂದೇ ಒಂದು ಸಲ ನನ್ನ ಸೂಚನೆ ಪಾಲಿಸಿದ್ದಾರೆ. ಅದು ಇದೇ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಂಡಿನೋವಿನವರು ಮುಂದಿನ ಕುರ್ಚಿ ಹಿಡಿದುಕೊಳ್ಳಿ. ಡೆರಿಕ್ ಹೋಲ್ರಾಯ್ಡ್‌ಗಾಗಿ ಎರಡು ನಿಮಿಷ ಮೌನ. ನೆವಿಲ್ ಗಡಿಯಾರ ನೋಡುತ್ತಾರೆ.

ಮೌನ ಮುಗಿದು ನೀವು ಹ್ಯಾಮ್ ಸ್ಯಾಂಡ್‌ವಿಚ್ಚಿನ ಕಡೆ ಹೊರಡುವ ಮುನ್ನ ಒಂದು ಸಣ್ಣ ಉಪಕಾರ. ನಿಮ್ಮಲ್ಲಿ ಯಾರಾದರೂ ನನ್ನ ಚೀಟಿಯನ್ನು ಸೋಮಾರಿತನದಿಂದ ಅಂಟಿಸದೆ ಬಿಟ್ಟಿದ್ದರೆ, ಗೋಂದು ತರಲು ಮರೆತಿದ್ದರೆ, ನನ್ನ ಮೇಲಿನ ಕೋಪಕ್ಕೆ ಒಲೆಗೆ ಹಾಕಿದ್ದರೆ, ಬಾಗಿಲ ಬಳಿ ಆಡ್ರಿಯವರ ಹತ್ತಿರ ಹೆಸರು ಬರೆಸಿ. ಹದಿನಾಲ್ಕನೇ ಸಂಚಿಕೆಯನ್ನು ಶನಿವಾರದೊಳಗೆ ಅವರ ಮನೆಗೆ ತಲುಪಿಸಿ. ಅಂಚೆಯಲ್ಲಿ ಬೇಡ, ಕೈಯಲ್ಲೇ ತನ್ನಿ. ಮಡಿಸಬೇಡಿ. ಹಳೆಯ ಮಸಿ, ಮಡಿಸಿದ ಕಡೆ ಅಕ್ಷರ ಉದುರುತ್ತದೆ.